ಗಂಡು ಮೀನಿನ ನೆಪ

ಮುಂಗಾರಿನ ಮೊದಲ ನೆರೆಗೆ ಬಿಜೂರಿನ ತೋಡುಗಳಲ್ಲಿ ಹತ್ತುಮೀನು ಹಿಡಿಯುವವರ ಸಮಾಧಾನವೊಂದಿದೆ: "ಗಂಡನ್ನಷ್ಟೇ ಹಿಡಿಯುತ್ತೇವೆ, ಹೆಣ್ಣನ್ನು ಬಿಡುತ್ತೇವೆ." ಇದು ಶುದ್ಧ ನೆಪ. ಗಾಳದವರ ಮೆಚ್ಚಿನ ಮಹಶೀರ್, ಅಂದರೆ ತುಳುವರ ಪೆರುವೋಲನ್ನೇ ನೋಡಿ. ವರ್ಷದ ಬಹುಪಾಲು ಅದರ ಗಂಡು ಹೆಣ್ಣುಗಳನ್ನು ಹೊರನೋಟದಿಂದ ಬೇರ್ಪಡಿಸುವುದು ಪರಿಣತರಿಗೂ ಕಷ್ಟ. ಬಣ್ಣವಾಗಲಿ ತುಟಿಯ ದಪ್ಪವಾಗಲಿ ನಂಬತಕ್ಕ ಗುರುತಲ್ಲ. ಬೆದೆಗಾಲದಲ್ಲಿ ಮಾತ್ರ ಗಂಡಿನ ಎದೆರೆಕ್ಕೆ ಒರಟಾಗುತ್ತದೆ, ಹೊಟ್ಟೆಯನ್ನು ಮೆಲ್ಲನೆ ಒತ್ತಿದರೆ ಹಾಲಿನಂತಹ ವೀರ್ಯ ಒಸರುತ್ತದೆ. ಹೆಣ್ಣಿನ ಹೊಟ್ಟೆ ಉಬ್ಬಿ ಮೆದುವಾಗಿ, ಗುದದ್ವಾರ ಊದಿ ಕೆಂಪೇರುತ್ತದೆ. ಎಂದರೆ, ಗುರುತು ಸಿಗುವ ಹೊತ್ತು ಸಂತಾನದ ಹೊತ್ತೇ ಆಗಿರುತ್ತದೆ! ಮುಗುಡಿನ ಗಂಡಿಗೆ ನೀಳವಾದ ಜನನಾಂಗದ ಮೊನೆಯಿರುವುದು ನಿಜ. ಆದರೆ ಇರುಳಿನಲ್ಲಿ ಟಾರ್ಚು ಹಿಡಿದು ಕತ್ತಿ ಬೀಸುವವನಿಗೆ ಮಗುಚಿ ನೋಡುವ ವ್ಯವಧಾನವೆಲ್ಲಿ? ಕಡಿದ ಮೇಲೆ ಮೊಟ್ಟೆ ಕಂಡೇ ಅವನಿಗೆ ಹೆಣ್ಣೆಂದು ತಿಳಿಯುವುದು. ಮಹಶೀರಿನಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ದೊಡ್ಡದನ್ನೇ ಆರಿಸುವವನು ತಾಯಿಮೀನನ್ನೇ ಆರಿಸುತ್ತಾನೆ. 1996ರಲ್ಲಿ ಶಿಶಿಲದ ದೇವರ ಮೀನುಗಳಿಗೆ ವಿಷವಿಕ್ಕಿದವರನ್ನು ನಾವೆಲ್ಲ ಶಪಿಸಿದೆವು. ನಮ್ಮ ಕೂಳಿಯೂ ಗಂಡು ಹೆಣ್ಣೆಂದು ಕೇಳುವುದಿಲ್ಲ. ಕಡಲಿನಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ. ತೋಡಿಗೆ ಆ ಎರಡು ತಿಂಗಳ ಬಿಡುವನ್ನು ಕೊಡಲು ನಮ್ಮ ಗ್ರಾಮಸಭೆಗಳಿಗೆ ಏನಡ್ಡಿ?