ಇಂಜಿನಿಯರಿಂಗ್ ಪದವೀಧರರೂ ವಾಸ್ತುಶಿಲ್ಪದ ವ್ಯಾಸಂಗವೂ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮಕ್ಕಳು ತಾಂತ್ರಿಕ ಶಿಕ್ಷಣವನ್ನರಸಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವುದು ಈಗ ವಿಶೇಷದ ಸಂಗತಿಯಾಗಿ ಉಳಿದಿಲ್ಲ. ಮನ್ಮನೆಯಂತಹ ಹಳ್ಳಿಯಿಂದ ಹೋಗಿ ಸಿವಿಲ್ ಶಾಖೆಯಲ್ಲಿ ಬಿ.ಇ. ಪದವಿ ಪಡೆದ ತರುಣ ತರುಣಿಯರಲ್ಲಿ ಕೆಲವರಿಗೆ, ಕಟ್ಟಡ ಬೀಳದಂತೆ ನಿಲ್ಲಿಸುವ ವಿದ್ಯೆಯೊಂದೇ ಸಾಲದು, ಕಟ್ಟಡವನ್ನು ಕಲ್ಪಿಸುವ ವಿದ್ಯೆಯೂ ಬೇಕು ಎಂಬ ಹಂಬಲ ಹುಟ್ಟುತ್ತದೆ. ಹಂಬಲವೇನೋ ಸ್ತುತ್ಯವಾದುದೇ. ಆದರೆ ಅವರು ಕೇಳುವ ಮೊದಲ ಪ್ರಶ್ನೆ, ‘ಯಾವ ಕಾಲೇಜಿಗೆ ಸೇರಲಿ?’ ಎಂಬುದು. ಅದಕ್ಕೆ ಸಿಗುವ ಉತ್ತರವೋ, ‘ಎರಡು ವರ್ಷದ ಎಂ.ಆರ್ಕ್. ಮುಗಿಸಿಬಿಡು, ಇಂಜಿನಿಯರೂ ಆದೆ, ಆರ್ಕಿಟೆಕ್ಟೂ ಆದೆ’ ಎಂಬ ಸುಲಭದ ಸಲಹೆ. ಈ ಸಲಹೆ ಸರಿಯಾದುದಲ್ಲ. ಇದನ್ನು ನಂಬಿ ತೋಟದ ಮೇಲೆ ಸಾಲವೆತ್ತುವ ತಂದೆತಾಯಿಗಳನ್ನು ನೆನೆದು ಈ ನಾಲ್ಕು ಮಾತುಗಳನ್ನು ಬರೆಯಬೇಕಾಗಿದೆ.

ಮೊದಲು ಕಾನೂನಿನ ಮಾತು. ನಮ್ಮ ದೇಶದಲ್ಲಿ ೧೯೭೨ರಲ್ಲಿ ಆರ್ಕಿಟೆಕ್ಟರ ಕಾಯಿದೆ ಬಂದಿತು. ಅದರ ಮೇರೆಗೆ ಸ್ಥಾಪಿತವಾದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಎಂಬ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ನೋಂದಣಿಗೆ ಆಧಾರ ಐದು ವರ್ಷದ ಬಿ.ಆರ್ಕ್. ಪದವಿ. ಎಂ.ಆರ್ಕ್. ಎಂಬುದು ಆ ಐದು ವರ್ಷ ಮುಗಿಸಿದವರು ಮುಂದೆ ಏರುವ ಮೆಟ್ಟಿಲು, ಬಿ.ಇ. ಪದವೀಧರನಿಗೆ ಅದರ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ. ಅವನು ಬೀಮು, ಕಂಬಗಳ ಲೆಕ್ಕದಲ್ಲಿ ಎಷ್ಟೇ ಪ್ರವೀಣನಾಗಿರಲಿ, ನಾಟಾ ಪರೀಕ್ಷೆಗೆ ಕುಳಿತು, ಪಿ.ಯು.ಸಿ. ಮುಗಿಸಿ ಬಂದ ಹುಡುಗರ ಪಕ್ಕದಲ್ಲಿ ಮೊದಲ ವರ್ಷದ ಬೆಂಚಿನಲ್ಲಿ ಕೂರಬೇಕಾಗುತ್ತದೆ. ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನು ಕಟ್ಟಿದವರಿಗೆ ಇಂತಹ ಭೇದದ ಗೊಡವೆ ಇರಲಿಲ್ಲ, ನಮಗೆ ಇದೆ.

ಹಾಗಾದರೆ ಪರದೇಶ? ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಯಾವ ವಿಷಯದಲ್ಲಿ ಪದವಿ ಪಡೆದಿದ್ದರೂ ಸೇರಬಹುದಾದ, ಮೂರು ಅಥವಾ ಮೂರೂವರೆ ವರ್ಷದ ಎಂ.ಆರ್ಕ್. ಇದೆ. ಇಂಜಿನಿಯರಿಗೆ ಒದಗುವುದು ಇದೇ. ಆದರೆ ಅದೇ ಹೆಸರಿನ ಎರಡು ವರ್ಷದ್ದೂ, ಅದಕ್ಕಿಂತ ಕಡಿಮೆ ಅವಧಿಯದ್ದೂ ಅಲ್ಲಿಯೇ ಇವೆ. ಅವು ಮೊದಲೇ ವಾಸ್ತುಶಿಲ್ಪ ಓದಿ ಬಂದವರಿಗೆಂದು ಮೀಸಲು. ಇಂಗ್ಲೆಂಡಿನಲ್ಲಂತೂ ಎಂ.ಆರ್ಕ್. ಸಾಮಾನ್ಯವಾಗಿ ವಾಸ್ತುಶಿಲ್ಪದ ಮೊದಲ ಪದವಿಯ ಮುಂದಿನ ಭಾಗ. ಹೆಸರು ಒಂದೇ, ಒಳಗಿನ ಸರಕು ಬೇರೆ ಬೇರೆ. ಮಧ್ಯವರ್ತಿಗಳು ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಅಮೆರಿಕದ ಪದವಿ ಪಡೆದು ಅಲ್ಲಿಯೇ ನೆಲೆಸುವವನು, ಪದವಿಯ ನಂತರವೂ ಅನುಭವದ ಗಂಟೆಗಳನ್ನು ತುಂಬಿ, ಪರೀಕ್ಷೆಗಳನ್ನು ದಾಟಿದ ಮೇಲೆಯೇ ಪರವಾನಿಗೆ ಪಡೆಯುತ್ತಾನೆ. ಮರಳಿ ಬರುವ ಮನಸ್ಸುಳ್ಳವನು, ಆ ಪದವಿಯನ್ನು ನಮ್ಮ ಪರಿಷತ್ತು ನೋಂದಣಿಗೆ ಒಪ್ಪುವುದೇ ಎಂಬುದನ್ನು ಹೊರಡುವ ಮೊದಲೇ ಲಿಖಿತವಾಗಿ ಕೇಳಿ ತಿಳಿದಿರಬೇಕು. ಅಡಿಕೆಯ ಧಾರಣೆ ಒಂದು ವರ್ಷದಂತೆ ಇನ್ನೊಂದು ವರ್ಷ ಇರುವುದಿಲ್ಲ. ಮಳೆ ಹೆಚ್ಚಾದ ವರ್ಷ ಕೊಳೆರೋಗ ಫಸಲನ್ನೇ ಒಯ್ಯುತ್ತದೆ. ಡಾಲರಿನಲ್ಲಿ ತೀರಿಸಬೇಕಾದ ಸಾಲಕ್ಕೆ ಇದು ಗಟ್ಟಿಯಾದ ಅಡಿಪಾಯವಲ್ಲ.

ಸಿವಿಲ್ ಪದವೀಧರನಿಗೆ ಗೌರವದಿಂದ ಬಾಗಿಲು ತೆರೆಯುವ ಬೇರೆ ವ್ಯಾಸಂಗಗಳು ನಮ್ಮಲ್ಲಿಯೇ ಇವೆ. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್, ಖರಗಪುರ ಮತ್ತು ರೂರ್ಕಿಯ ಐ.ಐ.ಟಿ.ಗಳು, ನಮ್ಮ ಮೈಸೂರು ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆ, ಇವುಗಳಲ್ಲಿ ನಗರ ಯೋಜನೆಯ ಸ್ನಾತಕೋತ್ತರ ಶಿಕ್ಷಣವಿದೆ. ದೆಹಲಿಯಲ್ಲಿ ಕಟ್ಟಡ ನಿರ್ಮಾಣದ ತಂತ್ರ ಮತ್ತು ನಿರ್ವಹಣೆಯ ವ್ಯಾಸಂಗವೂ ಉಂಟು. ರಸ್ತೆ, ನೀರು, ಬಡಾವಣೆಗಳಲ್ಲಿ ಆಸಕ್ತಿಯಿದ್ದವನಿಗೆ ಇವು ಉತ್ತಮವಾದುವು. ಮನೆ ಕಲ್ಪಿಸಬೇಕೆಂದು ಹಂಬಲಿಸುವವನು ಇವನ್ನು ಅಡ್ಡದಾರಿಯೆಂದು ಹಿಡಿದರೆ ಎರಡು ವರ್ಷದ ಮೇಲೆ ನಿರಾಶನಾಗುತ್ತಾನೆ. ಅವು ಆ ಊರಿಗೆ ಹೋಗುವ ದಾರಿಗಳಲ್ಲ.

ನನ್ನ ಅಭಿಪ್ರಾಯ ಇಷ್ಟು: ನಿಜವಾಗಿ ಕಟ್ಟಡ ಕಲ್ಪಿಸುವ ಕಸುಬನ್ನೇ ಬಯಸುವವನು ಐದು ವರ್ಷದ ಬಿ.ಆರ್ಕ್.ಗೆ ಅಂಜಬಾರದು. ‘ಮತ್ತೆ ಐದು ವರ್ಷವೇ?’ ಎಂದು ಹಿರಿಯರು ಹುಬ್ಬೇರಿಸುವುದು ಸಹಜ. ಆದರೆ ಅಲ್ಲಿ ಕಲಿಯುವುದೇನೆಂದು ನೋಡಬೇಕು. ವಾಸ್ತುಶಿಲ್ಪ ಶಾಲೆಯಲ್ಲಿ ವಿದ್ಯೆಯ ಬಹುಭಾಗ ಸಾಗುವುದು ಸ್ಟುಡಿಯೋದಲ್ಲಿ. ಇಳಿಜಾರಿನ ನೆಲದಲ್ಲಿ ನಲವತ್ತು ಮಕ್ಕಳಿಗೊಂದು ಶಾಲೆ ಎಂಬ ಸಮಸ್ಯೆ ಕೊಟ್ಟರೆ ಹತ್ತು ವಿದ್ಯಾರ್ಥಿಗಳು ಹತ್ತು ಉತ್ತರ ತರುತ್ತಾರೆ. ಹತ್ತನ್ನೂ ಗೋಡೆಗೆ ತೂಗಿಹಾಕಿ, ಗುರುಗಳೂ ಹೊರಗಿನಿಂದ ಬಂದ ಕಸುಬುದಾರರೂ ಎಲ್ಲರೆದುರು ವಿಮರ್ಶಿಸುತ್ತಾರೆ. ತೊಲೆಯ ಆಳಕ್ಕೆ ಒಂದೇ ಸರಿಯುತ್ತರ ಹುಡುಕಿ ರೂಢಿಯಾದ ಇಂಜಿನಿಯರಿಗೆ ಇದು ಮೊದಮೊದಲು ದಿಕ್ಕುಗೆಡಿಸುವ ಅನುಭವ. ಬರೆದುದನ್ನು ಹರಿದು ಮತ್ತೆ ಬರೆಯುವ ತಾಳ್ಮೆ ಒಂದೆರಡು ತಿಂಗಳಲ್ಲಿ ಬರುವಂಥದಲ್ಲ. ಹಾಗೆಂದು ಅವನು ಬರಿಗೈಯಲ್ಲಿ ಹೋಗುವುದಿಲ್ಲ. ಅಂದಾಜುಪಟ್ಟಿ, ಮಣ್ಣಿನ ತಾಳಿಕೆ, ಮೇಸ್ತ್ರಿಯೊಡನೆ ಮಾತಾಡುವ ರೀತಿ ಅವನಿಗೆ ಗೊತ್ತು.

ಆದುದರಿಂದ ಸಂಸ್ಥೆಯ ಹೆಸರಿಗಿಂತ ಅದರ ಸ್ಟುಡಿಯೋವನ್ನು ನೋಡಿ ಆರಿಸಬೇಕು. ಕಲಿಸುವವರು ಸ್ವತಃ ಕಟ್ಟಿದವರೇ? ಗೋಡೆಯ ಮೇಲಿನ ಚಿತ್ರಗಳು ಒಂದೇ ಅಚ್ಚಿನವೇ, ಬೇರೆ ಬೇರೆಯವೇ? ಹುಬ್ಬಳ್ಳಿಯಲ್ಲಿ ೧೯೪೭ರಲ್ಲಿ ಕೆ.ಎಲ್.ಇ. ಸಂಸ್ಥೆ ಆರಂಭಿಸಿದ ಭೂಮರಡ್ಡಿ ಕಾಲೇಜು ಇಂದು ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಸಿವಿಲ್ ವಿಭಾಗವೂ ವಾಸ್ತುಶಿಲ್ಪ ವಿಭಾಗವೂ ಅಲ್ಲಿವೆ. ಅಂತಹ ಕಡೆ ಓದುವ ಸಿವಿಲ್ ವಿದ್ಯಾರ್ಥಿ ಪದವಿಗೆ ಮುನ್ನವೇ ಆಚೆಯ ವಿಭಾಗಕ್ಕೆ ನಾಲ್ಕು ಸಲ ಹೋಗಿಬಂದರೆ ಸಾಕು, ಅರ್ಧ ಸಂದೇಹ ಪರಿಹಾರವಾದೀತು. (ವಾಸ್ತು ಎಂದೊಡನೆ ಬಾಗಿಲಿನ ದಿಕ್ಕು ಬದಲಿಸಿ ಹಣ ಪಡೆಯುವವರನ್ನು ನೆನೆಯುವವರಿಗೆ ಇಲ್ಲಿ ಹೇಳುವುದೇನೂ ಇಲ್ಲ.)

ಇದು ನಮ್ಮ ಸೀಮೆಗೆ ಏಕೆ ಮುಖ್ಯ? ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಾಡು ಇದು. ಇಳಿಜಾರಿನ ಹಂಚಿನ ಮಾಡು, ಚಾಚಿದ ಸೂರು, ಕಂಬಗಳ ಜಗಲಿ, ಕೆಂಪು ಚಿರೆಕಲ್ಲಿನ ಗೋಡೆ ಇವೆಲ್ಲ ಆ ಮಳೆಗೆ ಹಿಂದಿನವರು ಕಂಡುಕೊಂಡ ಉತ್ತರಗಳು. ಈಗ ಬಯಲುಸೀಮೆಯ ಚಪ್ಪಟೆ ತಾರಸಿ ಬಂದಿದೆ. ಅಡಿಕೆ ಒಣಗಿಸಲು ತಾರಸಿ ಅನುಕೂಲವೆಂಬುದು ಸುಳ್ಳಲ್ಲ. ಜನ ಅದನ್ನು ಮೆಚ್ಚಿದ್ದು ಬರಿಯ ಡೌಲಿಗಾಗಿ ಎಂದು ಜರೆಯುವುದು ಅನ್ಯಾಯ. ಆದರೆ ಕೆಲವು ಮಳೆಗಾಲ ಕಳೆದ ಮೇಲೆ ಸೋರುವ ತಾರಸಿಯ ಮೇಲೆ ಮತ್ತೆ ತಗಡಿನ ಮಾಡು ಏರುತ್ತದೆ. ಒಂದೇ ಮನೆಗೆ ಎರಡು ಸಲ ಮಾಡಿನ ಖರ್ಚು! ಮಳೆಯನ್ನೂ ಅಡಿಕೆಯನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡು ಮನೆ ಕಲ್ಪಿಸಬಲ್ಲವರು ಈ ತಾಲ್ಲೂಕುಗಳಿಗೆ ಬೇಕಾಗಿದ್ದಾರೆ. ಲೆಕ್ಕವೂ ಕಲ್ಪನೆಯೂ ಒಂದೇ ತಲೆಯಲ್ಲಿ ಕೂಡಿದರೆ ಆ ಕೆಲಸ ಹಗುರವಾಗುತ್ತದೆ.

ಐದು ವರ್ಷಕ್ಕೆ ಮನೆಯ ಸ್ಥಿತಿ ಒದಗದಿದ್ದವನ ಗತಿಯೇನು? ಕಾಯಿದೆ ನಿರ್ಬಂಧಿಸಿರುವುದು ‘ಆರ್ಕಿಟೆಕ್ಟ್’ ಎಂಬ ಬಿರುದನ್ನು ಮಾತ್ರ, ವಿನ್ಯಾಸದ ಕೆಲಸವನ್ನಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ೨೦೨೦ರಲ್ಲಿ ತೀರ್ಪಿತ್ತಿದೆ. ಇಂಜಿನಿಯರಾಗಿಯೇ ಉಳಿದು ದೊಡ್ಡ ಕೆಲಸ ಮಾಡಿದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದ ಮೂಲಕ, ತುಸು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಜನರ ಮನೆಗಳಿಗೆ ತಲುಪಿಸಲು ಶ್ರಮಿಸಿದ ಪ್ರೊ. ಕೆ. ಎಸ್. ಜಗದೀಶ ಅವರು ಸಿವಿಲ್ ವಿಭಾಗದವರು. ದೂರದ ಉರುಗ್ವೆಯ ಎಲಾಡಿಯೊ ಡಿಯೆಸ್ಟೆ ಕೂಡ ಇಂಜಿನಿಯರನೇ. ಅಟ್ಲಾಂಟಿಡಾ ಎಂಬಲ್ಲಿ ಅವನು ಅಲೆಯಂತೆ ಬಳುಕುವ ಇಟ್ಟಿಗೆ ಗೋಡೆಗಳಿಂದ ಕಟ್ಟಿದ ಚರ್ಚು ೨೦೨೧ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಅರ್ಜಿ ಹಾಕುವ ಮೊದಲು ಮಾಡಬಹುದಾದ, ಕಾಸು ಖರ್ಚಿಲ್ಲದ ಕೆಲಸವೊಂದಿದೆ. ಜ್ಯೇಷ್ಠದಿಂದ ಭಾದ್ರಪದದವರೆಗೆ ಊರಿನ ಹಳೆಯ ಮನೆಯೊಂದನ್ನು ಟೇಪು ಹಿಡಿದು ಅಳೆಯಿರಿ. ಜಗಲಿ, ನಡುಮನೆ, ಅಡಿಗೆಮನೆ, ಅಟ್ಟ, ಕೊಟ್ಟಿಗೆಗಳನ್ನು ಪ್ರಮಾಣಬದ್ಧವಾಗಿ ಬರೆಯಿರಿ. ಅಡಿಗೆಮನೆಯ ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆ, ಯಾವ ಗೋಡೆ ತೇವ ಹಿಡಿಯುತ್ತದೆ ಎಂದು ಗುರುತು ಮಾಡಿ. ಪ್ರವೇಶಕ್ಕೆ ಅಮೆರಿಕದವರು ಕೇಳುವ ಚಿತ್ರಸಂಪುಟಕ್ಕೂ ಇದು ಒದಗುತ್ತದೆ, ಇಲ್ಲಿನ ಸ್ಟುಡಿಯೋಕ್ಕೂ ಒದಗುತ್ತದೆ. ಮೂರು ತಿಂಗಳಲ್ಲಿ ಈ ಕೆಲಸ ಬೇಸರ ತಂದರೆ ಐದು ವರ್ಷದ ಶುಲ್ಕ ಉಳಿಯಿತು. ಬೇಸರವಾಗದೆ, ಸೂರು ಗೋಡೆಯಿಂದ ಎಷ್ಟು ಅಡಿ ಮುಂದೆ ಬಂದರೆ ಸಿಡಿಲು ನೀರು ಕೆಸರುಕಲ್ಲನ್ನು ಮೀರಿ ಮೇಲೇರುವುದಿಲ್ಲ ಎಂದು ಮಳೆಯಲ್ಲೇ ನಿಂತು ನೋಡುವ ಕುತೂಹಲ ಹುಟ್ಟಿದರೆ, ನಾಟಾ ಪರೀಕ್ಷೆಯ ಅರ್ಜಿಯನ್ನು ಆಗ ತುಂಬಬಹುದು.