ತಿಥಿ ಹೊತ್ತು ಬಂದ ಅತಿಥಿ

ತಿಥಿ ವಾರ ನೋಡದೆ, ಹೇಳಿ ಕಳುಹಿಸದೆ ಮನೆಗೆ ಬರುವವನನ್ನು ನಮ್ಮ ಹಿರಿಯರು ಅತಿಥಿ ಎಂದು ಕರೆದರು. ಅವನು ಎಂದು ಬಂದಾನು, ಎಂದು ಹೊರಟಾನು ಎಂಬುದು ಯಾರಿಗೂ ತಿಳಿಯದು. ಎರಡನೆಯ ಚಿಂತೆಯೇ ಮೊದಲನೆಯದಕ್ಕಿಂತ ದೊಡ್ಡದೆಂಬ ಮಾತನ್ನು ಅನುಭವಸ್ಥರಾದ ಗೃಹಿಣಿಯರು ಒಪ್ಪಿಯಾರು. ಆದರೆ 2020ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ನಮ್ಮ ಊರುಗಳಿಗೆ ಬೇರೊಂದು ಬಗೆಯ ಅತಿಥಿಗಳು ಬಂದರು. ಅವರ ತಿಥಿ ಅವರ ಕೈಯ ಮೇಲೆಯೇ ಅಚ್ಚಾಗಿತ್ತು. ಇಂಥ ತಾರೀಖಿನವರೆಗೆ ಈತನು ಮನೆಯೊಳಗೆ ಪ್ರತ್ಯೇಕವಾಗಿ ಇರತಕ್ಕದ್ದು ಎಂಬುದು ಅದರ ತಾತ್ಪರ್ಯ. ಸುಲಭವಾಗಿ ಅಳಿಸಲಾಗದ ಶಾಯಿ ಅದು. ಮತದಾನದ ದಿನ ನಮ್ಮ ಬೆರಳಿಗೆ ಹಚ್ಚುವ, ಮೈಸೂರಿನಲ್ಲಿ ತಯಾರಾಗುವ ಶಾಯಿಯ ಬಳಗದ್ದು. ವೋಟು ಹಾಕಿದ ಗುರುತನ್ನು ಎತ್ತಿ ತೋರಿಸಿ ಪಟ ತೆಗೆಸಿಕೊಳ್ಳುವ ಜನ, ಈ ಗುರುತನ್ನು ಮಾತ್ರ ಅಂಗಿಯ ತೋಳಿನೊಳಗೆ ಎಳೆದುಕೊಳ್ಳುತ್ತಿದ್ದರು.

ಅಂಥ ಅತಿಥಿಯೊಬ್ಬನು ಬಂದ ಮನೆಯನ್ನು ನಾನು ಬಲ್ಲೆ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಕುಂಸಿ, ಚೋರಡಿಗಳನ್ನು ದಾಟಿದ ಮೇಲೆ ಆನಂದಪುರ ಸಿಕ್ಕುತ್ತದೆ. ಕೆಳದಿಯ ಅರಸರ ಕಾಲದ ಚಂಪಕಸರಸಿ ಎಂಬ ಸೊಗಸಾದ ಕೊಳವಿರುವ ಊರು. ಅಲ್ಲಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮೇಲ್ಭಾಗದಲ್ಲಿರುವ ಆ ಮನೆಯವರು ನನಗೆ ದೂರದ ಬಂಧುಗಳು. ತೊಂಬತ್ತರ ಹತ್ತಿರ ಬಂದಿದ್ದ ಅಜ್ಜ, ಅಜ್ಜಿ, ಮಗ, ಸೊಸೆ. ಮೊಮ್ಮಗ ಸಿಂಗಪುರದಲ್ಲಿ ನೌಕರಿಯಲ್ಲಿದ್ದ. ಅಜ್ಜನಿಗೆ ಎರಡು ವರ್ಷದಿಂದ ಹೃದಯದ ಕಾಯಿಲೆ. ನೋಡಿಕೊಂಡು ಹೋಗಬೇಕೆಂದು ಹುಡುಗನು ಹಿಂದೆಯೇ ಟಿಕೇಟು ಮಾಡಿಸಿದ್ದ. ಮಾರ್ಚ್ 20ರಂದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿದ. ಎರಡು ದಿನ ತಡವಾಗಿದ್ದರೆ ಬರುವಂತೆಯೇ ಇರಲಿಲ್ಲ. ಮಾರ್ಚ್ 22ರಿಂದ ಒಂದು ವಾರಕ್ಕೆಂದು ನಿಂತ ಹೊರದೇಶದ ವಿಮಾನಗಳ ನಿಯತ ಸಂಚಾರವು ಪುನಃ ಆರಂಭವಾದದ್ದು 2022ರ ಮಾರ್ಚ್ 27ರಂದು.

ನಿಲ್ದಾಣದಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡಿದರು; ಜ್ವರವಿರಲಿಲ್ಲ. ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಬಾರದಿತ್ತೆ ಎಂದು ಈಗ ಕೇಳಬಹುದು. ಆ ದಿನಗಳಲ್ಲಿ ಪರೀಕ್ಷೆಯ ಸಾಮಗ್ರಿಯೂ ಪ್ರಯೋಗಶಾಲೆಗಳೂ ಕಡಮೆ. ಹೊರದೇಶದಿಂದ ಬಂದವರಲ್ಲಿ ಕೆಮ್ಮು, ಜ್ವರ ಮೊದಲಾದ ಲಕ್ಷಣಗಳಿದ್ದವರಿಗೆ ಮಾತ್ರ ಪರೀಕ್ಷೆ, ಉಳಿದವರಿಗೆ ಹದಿನಾಲ್ಕು ದಿನಗಳ ಗೃಹವಾಸ ಎಂಬುದೇ ನಿಯಮವಾಗಿತ್ತು. ಹುಡುಗನು ಕೈಗೆ ಅಚ್ಚು ಒತ್ತಿಸಿಕೊಂಡು, ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮುಖಕ್ಕೆ ಬಟ್ಟೆ ಕಟ್ಟಿ ಕುಳಿತು, ಮರುದಿನ ಬೆಳಗಿನ ಜಾವ ಮನೆ ಮುಟ್ಟಿದ. ತಾಯಿ ಅಂಗಳದ ಈಚೆ ದಡದಲ್ಲಿ, ಮಗ ಆಚೆ ದಡದಲ್ಲಿ. ಹೊರಗಿನಿಂದಲೇ ಮೆಟ್ಟಿಲಿರುವ ಮಹಡಿಯ ಕೋಣೆಯನ್ನು ಸಾರಿಸಿ ಇಟ್ಟಿದ್ದರು. ಅವನು ನೆಟ್ಟಗೆ ಅಲ್ಲಿಗೆ ಹತ್ತಿಹೋದ. ಊಟದ ತಟ್ಟೆ ಮೆಟ್ಟಿಲಿನ ಮೇಲೆ. ತಾಯಿ ಕೆಳಗೆ ಇಳಿದ ಮೇಲೆ ಅವನು ಬಾಗಿಲು ತೆಗೆಯಬೇಕು.

ಅಜ್ಜಿಗೆ ಇದನ್ನು ವಿವರಿಸುವುದು ಕಷ್ಟವಾದೀತೆಂದು ಎಲ್ಲರೂ ಅಂಜಿದ್ದರು. ಆಕೆಗೆ ಎಲ್ಲರಿಗಿಂತ ಮೊದಲು ಅರ್ಥವಾಯಿತು. "ಸೂತಕಕ್ಕೆ ಹತ್ತು ದಿನ, ಇದಕ್ಕೆ ನಾಲ್ಕು ಹೆಚ್ಚು, ಅಷ್ಟೇ ತಾನೆ?" ಎಂದರಂತೆ. ಈ ಮಾತನ್ನು ಕೇಳಿ ಹಿಗ್ಗಿ, ನಮ್ಮ ಮಡಿಮೈಲಿಗೆಯೆಲ್ಲವೂ ವಿಜ್ಞಾನವೇ ಎಂದು ಭಾಷಣ ಮಾಡಿದವರು ಆ ವರ್ಷ ನಮ್ಮಲ್ಲಿ ಬಹಳ ಮಂದಿ. ನನಗೆ ಹಾಗೆ ತೋರುವುದಿಲ್ಲ. ಮೈಲಿಗೆಯು ನೀನು ಯಾರು, ಯಾರ ಮನೆಯವನು ಎಂದು ಕೇಳುತ್ತದೆ. ಕ್ವಾರಂಟೈನು ಕೇಳುವುದು ಎರಡೇ ಪ್ರಶ್ನೆ: ಎಲ್ಲಿಂದ ಬಂದೆ, ಎಷ್ಟು ದಿನವಾಯಿತು? ಲೆಕ್ಕ ಮುಗಿದೊಡನೆ ಅದಕ್ಕೆ ಯಾರ ಮೇಲೂ ಹಗೆಯಿಲ್ಲ. ಈ ವ್ಯತ್ಯಾಸವನ್ನು ಮರೆತ ಕಡೆಯೆಲ್ಲ ಹದಿನಾಲ್ಕು ದಿನ ಕಳೆದವರನ್ನೂ ಅಂಗಡಿಯ ಕಟ್ಟೆಗೆ ಹತ್ತಗೊಡದ ಪ್ರಸಂಗಗಳು ನಡೆದುವು.

ಲೆಕ್ಕವನ್ನು ಇಟ್ಟವರು ಅಜ್ಜ. ಪಂಚಾಂಗದ ರಟ್ಟಿನ ಒಳಮಗ್ಗುಲಲ್ಲಿ ದಿನವೂ ರಾತ್ರಿ ಪೆನ್ಸಿಲಿನಿಂದ ಒಂದು ಗೀಟು. ಹನ್ನೆರಡೋ ಹದಿನೈದೋ ಆಗದೆ ಹದಿನಾಲ್ಕೇ ಏಕೆ ಎಂದು ಮೊಮ್ಮಗನನ್ನು ಕೇಳಿದರು. ಮೊಮ್ಮಗ ಮಹಡಿಯ ಕಿಟಕಿಯಿಂದ ಕೂಗಿ ಹೇಳಿದ. ರೋಗದ ಬೀಜ ಮೈಯೊಳಗೆ ಹೊಕ್ಕ ಮೇಲೆ ಲಕ್ಷಣ ತೋರಿಸಲು ಸಾಮಾನ್ಯವಾಗಿ ಐದಾರು ದಿನ ಬೇಕು. ಕೆಲವರಲ್ಲಿ ಹದಿನಾಲ್ಕರವರೆಗೂ ಅಡಗಿ ಕುಳಿತೀತು. ಆದಕಾರಣ ಆ ಗಡುವು. ಇಷ್ಟು ತಿಳಿವಳಿಕೆ ಇಲ್ಲದ ಕಾಲದಲ್ಲಿ ಲೆಕ್ಕ ಇನ್ನೂ ಉದ್ದವಾಗಿತ್ತು. 1377ರಲ್ಲಿ ಏಡ್ರಿಯಾಟಿಕ್ ಸಮುದ್ರದ ದಡದ ರಗೂಸ ಎಂಬ ಪಟ್ಟಣವು ಪ್ಲೇಗಿನ ನಾಡುಗಳಿಂದ ಬಂದವರನ್ನು ಮೂವತ್ತು ದಿನ ಹೊರಗೆ ನಿಲ್ಲಿಸಿತು. ಮುಂದೆ ಅದು ನಲವತ್ತಾಯಿತು. ವೆನಿಸ್ಸಿನವರ ಮಾತಿನಲ್ಲಿ ನಲವತ್ತಕ್ಕಿರುವ ಹೆಸರೇ ಕ್ವಾರಂಟೈನು ಎಂಬ ಪದಕ್ಕೆ ಮೂಲ. "ನಲವತ್ತಾಗಿದ್ದರೆ ನಿನ್ನ ರಜೆಯೆಲ್ಲ ಮಹಡಿಯಲ್ಲೇ ಮುಗಿಯುತ್ತಿತ್ತಲ್ಲೋ ಮಾಣಿ" ಎಂದು ಅಜ್ಜ ನಕ್ಕರಂತೆ.

ಮಾರ್ಚ್ 25ರಂದು ಯುಗಾದಿ. ಶಾರ್ವರಿ ಸಂವತ್ಸರ ಕಾಲಿಟ್ಟ ಆ ದಿನವೇ ದೇಶಕ್ಕೆಲ್ಲ ದಿಗ್ಬಂಧನ. ಅದುವರೆಗೆ ಮನೆಯಲ್ಲಿ ಒಬ್ಬನೇ ಕೈದಿಯಿದ್ದ. ಈಗ ಊರಿಗೆ ಊರೇ ಅವನ ಜೊತೆಗೆ ಸೇರಿತು. ಬೇವುಬೆಲ್ಲವನ್ನು ಬಾಳೆಯೆಲೆಯ ತುಂಡಿನಲ್ಲಿ ಮೆಟ್ಟಿಲಿನ ಮೇಲೆ ಇಟ್ಟರು. ಸಂಜೆ ಅಜ್ಜ ಜಗುಲಿಯಲ್ಲಿ ಕುಳಿತು, ಮಹಡಿಗೆ ಕೇಳುವಷ್ಟು ಗಟ್ಟಿಯಾಗಿ ಹೊಸ ಪಂಚಾಂಗ ಓದಿದರು. ಹಳೆಯ ಗೀಟುಗಳನ್ನು ಹೊಸದರ ರಟ್ಟಿಗೆ ವರ್ಗಾಯಿಸಿದ್ದೂ ಅಂದೇ. ಆ ತಿಂಗಳ ಕೊನೆಗೆ ಸರ್ಕಾರದಿಂದ ಇನ್ನೊಂದು ಕಟ್ಟಳೆ: ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಮ್ಮೆ ತನ್ನ ಪಟವನ್ನು ತಾನೇ ತೆಗೆದು ಮೊಬೈಲಿನಲ್ಲಿ ಕಳುಹಿಸಬೇಕು. ಮಲೆನಾಡಿನ ಸಿಗ್ನಲ್ಲಿನ ಹಣೆಬರಹ ಬಲ್ಲವರಿಗೆ ಇದರ ಮಿಕ್ಕ ಕಥೆ ಹೇಳಬೇಕಾಗಿಲ್ಲ. ಅರ್ಧ ಮೈಯನ್ನು ಕಿಟಕಿಯ ಹೊರಗೆ ಚಾಚಿ, ಮನೆಯೊಳಗೇ ಇದ್ದೇನೆಂದು ರುಜುವಾತು ಮಾಡುವ ಯೋಗ ಅವನದಾಯಿತು.

ಈ ನಿರ್ಬಂಧವನ್ನು ಅಜ್ಜ ಅಷ್ಟು ಶ್ರದ್ಧೆಯಿಂದ ನಡೆಸಿದ್ದಕ್ಕೆ ಒಂದು ಹಳೆಯ ನೆನಪೂ ಕಾರಣ. 1957ರಲ್ಲಿ ಅವರು ಇಪ್ಪತ್ತೈದರ ಯುವಕರು. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಮರದಿಂದ ಬಿದ್ದು ಸಾಯತೊಡಗಿದುವು. ಹಿಂದೆಯೇ ಕಾಡಿಗೆ ಹೋಗಿಬಂದ ಜನರಿಗೂ ಭಯಂಕರವಾದ ಜ್ವರ. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಧಾವಿಸಿ ಬಂದರು. ಅವರ ಮನಸ್ಸಿನಲ್ಲಿದ್ದ ಮೊದಲ ಭೀತಿ ಪೀತಜ್ವರದ್ದು. ಆಫ್ರಿಕ, ದಕ್ಷಿಣ ಅಮೆರಿಕಗಳಲ್ಲಿರುವ ಆ ರೋಗ ಮಂಗಗಳಿಗೂ ಮನುಷ್ಯರಿಗೂ ತಗಲುತ್ತದೆ. ಅದನ್ನು ಹರಡುವ ಜಾತಿಯ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ, ಮಂಗಗಳಿವೆ, ರೋಗವನ್ನು ಕಂಡರಿಯದ ಕೋಟ್ಯಂತರ ಜನರಿದ್ದಾರೆ. ಇಲ್ಲದ್ದು ಆ ವೈರಸ್ ಒಂದೇ. ಸೌದೆಯೂ ಸೀಮೆಎಣ್ಣೆಯೂ ಸಿದ್ಧವಾಗಿದ್ದು ಬೆಂಕಿಕಡ್ಡಿಯೊಂದು ಬಾರದಿರುವ ಮನೆಯಂತೆ ನಮ್ಮ ದೇಶ. ಆದಕಾರಣವೇ ಕೊರೋನದ ನಿಯಮಗಳೆಲ್ಲ ಮುಗಿದ ಮೇಲೂ ಪೀತಜ್ವರದ ನಿಯಮ ಇಂದಿಗೂ ಉಳಿದಿದೆ. ಆ ನಾಡುಗಳಿಂದ ಬರುವವರು, ಪ್ರಯಾಣಕ್ಕೆ ಹತ್ತು ದಿನ ಮೊದಲೇ ಚುಚ್ಚುಮದ್ದು ಹಾಕಿಸಿಕೊಂಡ ಪ್ರಮಾಣಪತ್ರ ತೋರಿಸಬೇಕು. ಇಲ್ಲವಾದರೆ ಆರು ದಿನಗಳವರೆಗೆ ಪ್ರತ್ಯೇಕವಾಸ. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕೆಂದು 2016ರಿಂದ ಮಾನ್ಯವಾಗಿದೆ. ಆಫ್ರಿಕದಲ್ಲಿ ಮಕ್ಕಳಿರುವ ತಂದೆತಾಯಿಗಳು ಅವರನ್ನು ನೋಡಲು ಹೊರಡುವ ಮುನ್ನ ಈ ಹಳದಿ ಕಾಗದದ ವಿಚಾರವನ್ನು ಮರೆಯಬಾರದು.

ಅಂದು ಮಲೆನಾಡಿನಲ್ಲಿ ಕಂಡದ್ದು ಪೀತಜ್ವರವಾಗಿರಲಿಲ್ಲ. ಉಣುಗುಗಳ ಕಡಿತದಿಂದ ಬರುವ, ಲೋಕಕ್ಕೇ ಹೊಸದಾದ ಒಂದು ರೋಗ. ಕ್ಯಾಸನೂರು ಕಾಡಿನ ಕಾಯಿಲೆ ಎಂದು ವೈದ್ಯಗ್ರಂಥಗಳಲ್ಲಿ ಅದಕ್ಕೆ ಹೆಸರು. ನಮ್ಮ ಜನಕ್ಕೆ ಅದು ಮಂಗನ ಕಾಯಿಲೆ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಅದು ಮಾಡಿದ ಅನಾಹುತವನ್ನು ಆ ಸೀಮೆ ಮರೆತಿಲ್ಲ. ಆದರೆ ಮನುಷ್ಯನಿಂದ ಮನುಷ್ಯನಿಗೆ ಅದು ಹರಡದು. ರೋಗಿಯನ್ನು ದೂರ ಇಟ್ಟು ಪ್ರಯೋಜನವಿಲ್ಲ. "ಅದಕ್ಕೆ ಹತ್ತಿರ ಕುಳಿತು ಆರೈಕೆ ಮಾಡಬಹುದಿತ್ತು. ಇದಕ್ಕೆ ದೂರ ಕುಳಿತೇ ಮಾಡಬೇಕು" ಎಂದು ಅಜ್ಜ ಸೊಸೆಗೆ ಹೇಳಿದ್ದರಂತೆ.

ಮಾರ್ಚ್ 30ರ ಬೆಳಗಿನ ಜಾವ ಅಜ್ಜ ನಿದ್ರೆಯಲ್ಲಿಯೇ ತೀರಿಕೊಂಡರು.

ಮಹಡಿಗೆ ಫೋನು ಹೋಯಿತು. ಕೆಳಗಿನ ಅಳು ಅವನಿಗೆ ಅದಕ್ಕೆ ಮೊದಲೇ ಕೇಳಿಸಿತ್ತು. "ಇಳಿದು ಬರಲೇನಮ್ಮ?" ಎಂದು ಕೇಳಿದ. ಅವನಿಗೆ ಅಂದಿನವರೆಗೆ ಒಂದು ಸೀನೂ ಬಂದಿರಲಿಲ್ಲ. ತಾಯಿಯ ಬಾಯಿಂದ ಹೌದೆಂದೂ ಹೊರಡಲಿಲ್ಲ, ಬೇಡವೆಂದೂ ಹೊರಡಲಿಲ್ಲ. ಫೋನನ್ನು ಅಜ್ಜಿ ತೆಗೆದುಕೊಂಡರು. "ನಿನ್ನ ಅಜ್ಜನ ಲೆಕ್ಕ ಇನ್ನೂ ಮುಗಿದಿಲ್ಲ. ಅಲ್ಲಿಂದಲೇ ನಮಸ್ಕಾರ ಮಾಡು." ದೇಹವನ್ನು ಜಗುಲಿಯಲ್ಲಿ ಇಡುವುದು ವಾಡಿಕೆ. ಅಂದು ಅಂಗಳದ ನಡುವೆ, ಮಹಡಿಯ ಕಿಟಕಿಗೆ ಕಾಣುವಂತೆ ಇಟ್ಟರು. ಅಂತ್ಯಕ್ರಿಯೆಗೆ ಇಪ್ಪತ್ತು ಜನರಿಗಿಂತ ಹೆಚ್ಚು ಸೇರಬಾರದೆಂಬ ಆಜ್ಞೆಯಿತ್ತು. ಅಷ್ಟು ಜನವೂ ಬರಲಿಲ್ಲ. ತೋಟದ ಆಚೆಗೆ ಹೊಗೆ ಏಳುವವರೆಗೂ ಹುಡುಗ ಕಿಟಕಿ ಬಿಟ್ಟು ಅಲುಗಲಿಲ್ಲವೆಂದು ಅವನ ತಾಯಿ ನನಗೆ ಹೇಳಿದರು.

ಅವನಿಗೆ ರೋಗವಿರಲಿಲ್ಲ. ಹಾಗಾದರೆ ಆ ಕಟ್ಟುನಿಟ್ಟು ವ್ಯರ್ಥವಾಯಿತೆ? ಹಾಗೆ ವಾದಿಸುವವರನ್ನು ನಾನು ಕೇಳಿದ್ದೇನೆ; ಮನೆಯ ಯಜಮಾನರೇ, ಅಂದರೆ ಹುಡುಗನ ತಂದೆಯೇ, ಒಮ್ಮೊಮ್ಮೆ ಹಾಗೆ ನುಡಿಯುವುದುಂಟು. ಅವರಿಗೆ ಎದುರು ಹೇಳುವ ಧೈರ್ಯ ನನಗಿಲ್ಲ. ನಿಯಮ ಮಾಡುವವರಿಗೂ ಈ ಸಂಕಟ ಕಾಣಲಿಲ್ಲವೆನ್ನುವಂತಿಲ್ಲ. ಎರಡು ತಿಂಗಳಾದ ಮೇಲೆ, ಮೇ 24ರಂದು ಕೇಂದ್ರ ಸರ್ಕಾರ ಹೊರಡಿಸಿದ ಸೂಚನೆಯಲ್ಲಿ, ಹೊರದೇಶದಿಂದ ಬಂದವರು ಏಳು ದಿನ ಸ್ವಂತ ಖರ್ಚಿನಿಂದ ಹೋಟೆಲು ಮೊದಲಾದ ಕಡೆಗಳಲ್ಲಿಯೂ ಏಳು ದಿನ ಮನೆಯಲ್ಲಿಯೂ ಇರಬೇಕೆಂದು ವಿಧಿಸಿ, ಗರ್ಭಿಣಿಯರು, ಎಳೆಯ ಮಕ್ಕಳ ತಂದೆತಾಯಿಗಳು, ಕುಟುಂಬದಲ್ಲಿ ಸಾವು ಸಂಭವಿಸಿದವರು ಮುಂತಾದವರು ನೇರವಾಗಿ ಮನೆಗೆ ಹೋಗಬಹುದೆಂದು ವಿನಾಯಿತಿ ಕೊಟ್ಟರು. ಆದರೂ ಹದಿನಾಲ್ಕು ದಿನದ ಎಣಿಕೆಯನ್ನು ಬಿಡಲಿಲ್ಲ. ಮನೆಯವರೆಗೆ ಬರಲು ಅಪ್ಪಣೆಯುಂಟು, ಮಹಡಿಯಿಂದ ಇಳಿಯಲು ಇಲ್ಲ.

ಪರೀಕ್ಷೆಯೊಂದಿದ್ದರೆ ಈ ಪೇಚಾಟ ತಪ್ಪುತ್ತಿತ್ತೆನ್ನುವವರು 2021ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ನೆನೆಯಬೇಕು. ದಕ್ಷಿಣ ಆಫ್ರಿಕದಿಂದ ಪ್ರಯಾಣಿಕರೊಬ್ಬರು ರೋಗವಿಲ್ಲವೆಂಬ ವರದಿಯನ್ನು ಕೈಯಲ್ಲಿ ಹಿಡಿದೇ ಬಂದಿಳಿದರು. ಇಳಿದ ಮೇಲೆ ಮಾಡಿದ ಪರೀಕ್ಷೆಯಲ್ಲಿ ಸೋಂಕು ಕಂಡಿತು. ಕೆಲವು ದಿನಗಳಲ್ಲಿ ಇನ್ನೊಂದು ವರದಿ, ಇಲ್ಲವೆಂದಿತು; ಅವರು ನವೆಂಬರ್ 27ರಂದು ವಿಮಾನ ಹತ್ತಿ ಹೊರಟುಹೋದರು. ಒಮಿಕ್ರಾನ್ ಎಂಬ ಹೊಸ ತಳಿ ಭಾರತಕ್ಕೆ ಬಂದಿದೆಯೆಂದು ಡಿಸೆಂಬರ್ 2ರಂದು ಸರ್ಕಾರ ಪ್ರಕಟಿಸಿದಾಗ, ಹೇಳಿದ ಎರಡು ಪ್ರಕರಣಗಳಲ್ಲಿ ಒಂದು ಇದೇ. ಎರಡನೆಯವರು ಬೆಂಗಳೂರಿನ ವೈದ್ಯರು. ಅವರು ಹೊರದೇಶಕ್ಕೆ ಹೋಗಿಯೇ ಇರಲಿಲ್ಲ! ಹೆಬ್ಬಾಗಿಲಿನಲ್ಲಿ ಕಾವಲುಗಾರ ಚೀಟಿ ಪರಿಶೀಲಿಸುತ್ತಿದ್ದಾಗ ಅತಿಥಿ ಅಡಿಗೆಮನೆಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದಂತಾಯಿತು. ಪರೀಕ್ಷೆಯು ಆ ದಿನದ ಸಂಗತಿಯನ್ನು ಮಾತ್ರ ಹೇಳುತ್ತದೆ. ನಾಳಿನದನ್ನು ಹೇಳಲು ನಾಳೆಯೇ ಬರಬೇಕು. ಶಿವಮೊಗ್ಗ ಜಿಲ್ಲೆಗಾದರೂ ಕೊರೋನ ಬಂದದ್ದು ಹೊರದೇಶದ ವಿಮಾನದಿಂದಲ್ಲ. ಮೇ ತಿಂಗಳವರೆಗೆ ಅಲ್ಲಿ ರೋಗವೇ ಇರಲಿಲ್ಲ. ಮೊದಲು ಕಂಡದ್ದು ಗುಜರಾತಿನಿಂದ ಬಂದವರಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ರೈಲಿನಲ್ಲಿ ಬಂದಂತೆಯೇ ಸರಿ. ಬಾಗಿಲು ಹಾಕುವುದರಿಂದ ಸಿಕ್ಕುವುದು ಕೆಲವು ವಾರಗಳ ಬಿಡುವು. ಆ ವಾರಗಳಲ್ಲಿ ಆಸ್ಪತ್ರೆಗೆ ಹಾಸಿಗೆ ಬಂತೆ, ಪ್ರಯೋಗಶಾಲೆ ಎದ್ದಿತೆ ಎಂಬುದು ಬೇರೆ ಪ್ರಶ್ನೆ. ಅದನ್ನು ಪ್ರಯಾಣಿಕನ ಕೈಯ ಮೇಲೆ ಅಚ್ಚೊತ್ತಿ ಪ್ರಯೋಜನವಿಲ್ಲ.

ಏಪ್ರಿಲ್ 3ಕ್ಕೆ ಎಣಿಕೆ ಮುಗಿಯಿತು. ಮರುದಿನ ಬೆಳಿಗ್ಗೆ ಹುಡುಗನು ಮೆಟ್ಟಿಲಿಳಿದು, ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ, ಒಳಗೆ ಬಂದ. ಅಜ್ಜಿ ಪಂಚಾಂಗವನ್ನು ತಂದು ಅವನ ಕೈಗಿಟ್ಟರು. ಒಂಬತ್ತು ಗೀಟುಗಳು ಅಜ್ಜನವು. ಮಿಕ್ಕ ಐದನ್ನು ಆಕೆ ಎಳೆದಿದ್ದರು. ಹತ್ತನೆಯ ದಿನ ಜ್ಞಾತಿಗಳೊಂದಿಗೆ ಅವನೂ ತಿಲೋದಕ ಬಿಟ್ಟಾಗ ಕೈಯ ಮೇಲಿನ ಶಾಯಿ ಇನ್ನೂ ಪೂರ್ತಿ ಮಾಸಿರಲಿಲ್ಲ.