ಲೆಕ್ಕವೂ ಮತದಷ್ಟೇ ಹಕ್ಕು

ಲೆಕ್ಕದ ಪಾಠಕ್ಕೂ ಮತದ ಹಕ್ಕಿಗೂ ಏನು ಸಂಬಂಧವೆಂದು ಕೇಳುವವರಿಗೆ ಅಮೆರಿಕದ ಗಣಿತದ ಮೇಷ್ಟ್ರು ರಾಬರ್ಟ್ ಮೋಸೆಸರ (1935–2021) ಬಾಳೇ ಉತ್ತರ.

ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ಬೆವರು ಸುರಿಸುತ್ತಿದ್ದ ಕಪ್ಪು ಜನಕ್ಕೆ ಕಾಗದದ ಮೇಲೆ ಮತವಿತ್ತು, ಪಟ್ಟಿಯಲ್ಲಿ ಹೆಸರಿರಲಿಲ್ಲ. ರಾಜ್ಯದ ಸಂವಿಧಾನದ ವಿಧಿಯೊಂದನ್ನು ಓದಿ, ಬಿಳಿಯ ಅಧಿಕಾರಿ ಒಪ್ಪುವಂತೆ ಅರ್ಥ ಹೇಳಬೇಕೆಂಬ ಪರೀಕ್ಷೆ ಅಡ್ಡ ನಿಂತಿತ್ತು. ಒಳ್ಳೆಯ ಶಾಲೆ ಕೊಡದವರೇ ಓದು ಬಾರದೆಂದು ಬಾಗಿಲು ಹಾಕಿದರು! 1961ರಲ್ಲಿ ಹೆಸರು ಬರೆಸಲು ಜನರನ್ನು ಕರೆದೊಯ್ದ ಮೋಸೆಸರ ತಲೆ ಒಡೆದರು. ಆದರೂ ಅವರು ಕಚೇರಿಗೆ ನಡೆದರು. ಹೊಡೆದವನ ಮೇಲೆ ದೂರು ಕೊಟ್ಟರು. ಬಿಳಿಯರ ಜೂರಿ ಅವನನ್ನು ಬಿಟ್ಟಿತು. ಕೊನೆಗೆ 1965ರ ಮತದಾನ ಹಕ್ಕು ಕಾಯಿದೆ ಅಲ್ಲಿ ಆ ಪರೀಕ್ಷೆಯನ್ನು ನಿಲ್ಲಿಸಿತು.

ಮತವೇನೋ ಬಂತು, ಕೆಲಸ? ಬೀಜಗಣಿತ ಕಲಿಯದ ಮಕ್ಕಳಿಗೆ ಕಾಲೇಜಿನ ಗಣಿತವಿಲ್ಲ, ಗಣಕಯಂತ್ರದ ಯುಗದ ಒಳ್ಳೆಯ ಕೆಲಸವೂ ಇಲ್ಲ. ಹಳೆಯ ಪರೀಕ್ಷೆಯೇ ಹೊಸ ವೇಷ ತೊಟ್ಟು ಬಂದುದನ್ನು ಮೋಸೆಸ್ ಕಂಡರು. 1982ರಲ್ಲಿ ಆಲ್ಜೀಬ್ರಾ ಪ್ರಾಜೆಕ್ಟ್ ಆರಂಭಿಸಿದರು. ಮಕ್ಕಳನ್ನು ರೈಲಿನಲ್ಲಿ ಕರೆದೊಯ್ದು, ಬಳಿಕ ಒಂದು ನಿಲ್ದಾಣವನ್ನು ಸೊನ್ನೆ ಎನ್ನಿಸಿದರು. ಅಲ್ಲಿಂದ ಒಂದು ದಿಕ್ಕು ಧನ, ಇನ್ನೊಂದು ಋಣ. ಹಲಗೆಯ ಮೇಲೆ ಹೆದರಿಸುತ್ತಿದ್ದ ಸಂಖ್ಯೆ ದಾರಿಯ ಮಾತಾಯಿತು.

ಕೂಲಿಯ ಕಡಿತವನ್ನೂ ಸಾಲದ ಬಡ್ಡಿಯನ್ನೂ ಬಲ್ಲ ನಮ್ಮ ಓದುಗರಿಗೆ ಹೆಚ್ಚು ಹೇಳಬೇಕಿಲ್ಲ. ಲೆಕ್ಕ ಬಾರದವನ ಅನ್ನ ಲೆಕ್ಕ ಬಲ್ಲವನ ಕೈಯಲ್ಲಿರುತ್ತದೆ. ಬಡವರ ಮಕ್ಕಳ ತಲೆಗೆ ಗಣಿತ ಹತ್ತದೆಂಬುದು ಉಳ್ಳವರ ಕಟ್ಟುಕಥೆ. ಕಲಿಸದವರೇ ದಡ್ಡರೆಂದು ಜರೆಯುವ ಅನ್ಯಾಯವನ್ನು ನಾವು ಒಪ್ಪೆವು. ಗಣಿತ ಯಾರೋ ನೀಡುವ ದಾನವಲ್ಲ. ಮತದಂತೆ ಅದನ್ನೂ ಹೋರಾಡಿ ಪಡೆಯಬೇಕು.